ಕುಂಟುವ ಕುದುರೆಗೆ ಊರೆಲ್ಲ ವೈದ್ಯರು

ಮೊಗಲರ ಪಾಠದಲ್ಲಿ ಹಳದೀಘಾಟಿ ಬಂದಾಗಲೆಲ್ಲ ಮಕ್ಕಳು ನೆಟ್ಟಗೆ ಕೂರುತ್ತಾರೆ. 1576ರ ಜೂನ್ ತಿಂಗಳು, ಒಂದು ಕಡೆ ರಾಣಾ ಪ್ರತಾಪ, ಇನ್ನೊಂದು ಕಡೆ ಅಕ್ಬರನ ಸೇನಾಪತಿ ಮಾನಸಿಂಗ ಎಂಬುದನ್ನೆಲ್ಲ ಪರೀಕ್ಷೆಗೆ ಬೇಕೆಂದು ಬರೆದುಕೊಳ್ಳುತ್ತಾರೆ. ಆದರೆ ಕಣ್ಣರಳಿಸಿ ಕೇಳುವುದು ಚೇತಕ್ ಕುದುರೆಯ ಕಥೆಯನ್ನು. ಆನೆಯ ಸೊಂಡಿಲಿನಲ್ಲಿದ್ದ ಕತ್ತಿ ತಗುಲಿ ಕಾಲು ಸೀಳಿದ್ದರೂ ಒಡೆಯನನ್ನು ಹೊತ್ತು ಹಳ್ಳ ಹಾರಿ, ಆಚೆ ದಡದಲ್ಲಿ ಪ್ರಾಣ ಬಿಟ್ಟಿತೆಂದು ರಾಜಸ್ಥಾನದವರು ಹಾಡಿಕೊಂಡು ಬಂದ ಕಥೆ ಅದು. ಅದರಲ್ಲಿ ಇತಿಹಾಸವೆಷ್ಟು, ಹಾಡು ಎಷ್ಟು ಎಂದು ಬಿಡಿಸುವ ಗೋಜಿಗೆ ನಾನು ಆ ಗಂಟೆಯಲ್ಲಿ ಹೋಗುವುದಿಲ್ಲ. ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಅದರ ಕಾಲಿಗೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ವಾ?" ಎಂದಳು. ಇಡೀ ತರಗತಿ ಗೊಳ್ಳೆಂದಿತು. ನನಗೆ ನಗು ಬರಲಿಲ್ಲ. ಕುದುರೆಯ ಕಾಲಿಗೆ ಏನು ಮಾಡಬೇಕೆಂದು ಹೇಳುವವರಿಗೆ ಲೋಕದಲ್ಲಿ ಎಂದೂ ಬರವಿಲ್ಲ ಎಂಬುದನ್ನು ನಾನು ಹನ್ನೊಂದನೆಯ ವಯಸ್ಸಿನಲ್ಲೇ ಕಂಡಿದ್ದೆ.

ಆಗ ನಾವಿದ್ದದ್ದು ಮೈಸೂರಿನ ಅಗ್ರಹಾರದ ಹತ್ತಿರ, ಒಂದು ವಠಾರದಲ್ಲಿ. 1981ನೆಯ ಇಸವಿ. ಆಟೋರಿಕ್ಷಾಗಳು ಬಂದಿದ್ದರೂ ಜಟಕಾಗಳು ಇನ್ನೂ ಸೋತಿರಲಿಲ್ಲ. ಮೈಸೂರಿನವರಿಗೆ ಎರಡು ಬಗೆಯ ಕುದುರೆಗಾಡಿ ಗೊತ್ತು. ಅರಮನೆ ನೋಡಲು ಬಂದವರು ಮೆರೆಯುತ್ತ ಕೂರುವ ಶಾಪಸಂದ್ ಟಾಂಗಾ ಒಂದು. ನಮ್ಮಂಥವರು ಕಾಲು ಮಡಚಿಕೊಂಡು, ಗೋಣಿತಾಟಿನ ಕೆಳಗಿನ ಹುಲ್ಲು ಚುಚ್ಚಿಸಿಕೊಂಡು ಕೂರುವ ಜಟಕಾ ಇನ್ನೊಂದು. ನಾವು ಏಳು ಮಕ್ಕಳು ದಿನವೂ ಒಂದೇ ಜಟಕಾದಲ್ಲಿ ಶಾಲೆಗೆ ಹೋಗುತ್ತಿದ್ದೆವು. ತಿಂಗಳಿಗೆ ತಲೆಗೆ 12 ರೂಪಾಯಿ. ಗಾಡಿಯ ಯಜಮಾನರನ್ನು ದೊಡ್ಡವರು ಸಾಬರೆ ಎನ್ನುತ್ತಿದ್ದರು, ನಾವು ತಾತ ಎನ್ನುತ್ತಿದ್ದೆವು. ಕುದುರೆಯ ಹೆಸರು ಮೋತಿ. ಕಂದು ಬಣ್ಣ, ಹಣೆಯ ಮೇಲೆ ನಾಮದಂತೆ ಒಂದು ಬಿಳಿ ಗೆರೆ. ಆ ಗೆರೆಯ ದೆಸೆಯಿಂದ ಪಕ್ಕದ ಮನೆಯ ಅಜ್ಜಿ ಮೋತಿಯನ್ನು ನಮ್ಮ ಪೈಕಿಯೇ ಎಂದು ತಮಾಷೆ ಮಾಡುತ್ತಿದ್ದರು.

ಜಟಕಾದಲ್ಲಿ ಕೂತವರಿಗೆಲ್ಲ ಒಂದು ಮಾತು ಕಿವಿಯಲ್ಲಿ ಉಳಿದಿರುತ್ತದೆ. "ಮುಂದಕ್ಕೆ ಬನ್ನಿ, ಹಿಂಭಾರ ಆಗ್ತದೆ." ಎರಡೇ ಚಕ್ರದ ಗಾಡಿಯಲ್ಲವೇ? ಹಿಂದೆ ಭಾರ ಹೆಚ್ಚಿದರೆ ಮೂಕಿ ಮೇಲೆದ್ದು ಹೊಟ್ಟೆಪಟ್ಟಿ ಕುದುರೆಯನ್ನು ಬಿಗಿಯುತ್ತದೆ. ಮುಂದೆ ಹೆಚ್ಚಿದರೆ ಎಲ್ಲ ಅದರ ಬೆನ್ನ ಮೇಲೆ ಕೂರುತ್ತದೆ. ತಾತ ನಮ್ಮನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಹಿಂದೆ ಮುಂದೆ ಸರಿಸಿ ಕೂರಿಸಿ, ಆಮೇಲೆ ಲಗಾಮು ಹಿಡಿಯುತ್ತಿದ್ದರು.

ಆಷಾಢದ ಒಂದು ಬೆಳಿಗ್ಗೆ, ಬೇರೆ ಶಾಲೆಯ ಮಕ್ಕಳನ್ನು ತುಂಬಿಕೊಂಡ ಇನ್ನೊಂದು ಜಟಕಾ ನಮ್ಮನ್ನು ಹಿಂದೆ ಹಾಕಿತು. ಆ ಮಕ್ಕಳು ನಾಲಿಗೆ ಚಾಚಿ ಅಣಕಿಸಿದರು. ನಾವು ಸುಮ್ಮನಿರುತ್ತೇವೆಯೆ? "ಓಡ್ಸಿ ತಾತ, ಓಡ್ಸಿ" ಎಂದು ಏಳೂ ಜನ ಕಿರುಚಿದೆವು. ಎಲ್ಲರಿಗಿಂತ ಜೋರಾಗಿ ಕಿರುಚಿದವಳು, ತಾತನ ಬೆನ್ನಿಗೆ ಕೈ ಹಚ್ಚಿ ನೂಕಿದವಳು ನಾನು. ತಾತನೂ ನಗುತ್ತ ನಾಲಿಗೆಯಿಂದ ಚಕ್ ಚಕ್ ಎನ್ನಿಸಿ ಲಗಾಮು ಸಡಿಲ ಬಿಟ್ಟರು. ತಿರುವಿನಲ್ಲಿ ನೀರಿನ ಕೊಳವೆಗಾಗಿ ಅಗೆದು ಮಣ್ಣು ಮುಚ್ಚಿದ್ದ ಗುಂಡಿ. ಮೋತಿಯ ಮುಂದಿನ ಎಡಗಾಲು ಅದರಲ್ಲಿ ಹೂತು, ಮರುಕ್ಷಣ ಕಿತ್ತುಕೊಂಡು ಬಂತು. ಗಾಡಿ ಒಮ್ಮೆ ಓಲಾಡಿ ಸರಿಹೋಯಿತು. ನಾವು ಗೆದ್ದೆವು. ಶಾಲೆಯ ಗೇಟಿನ ಹತ್ತಿರ ಇಳಿಯುವಾಗ ಮೋತಿ ಆ ಕಾಲನ್ನು ಸ್ವಲ್ಪ ಮುಂದಕ್ಕಿಟ್ಟು ನಿಂತಿತ್ತು. ಮರುದಿನ ಬೆಳಿಗ್ಗೆ ಜಟಕಾ ಬರಲಿಲ್ಲ.

ಕುದುರೆಯ ಕಾಲು ಎಷ್ಟು ನಾಜೂಕಿನದು ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ. ನಾವು ಅದರ ಮುಂಗಾಲಿನ ಮೊಣಕಾಲು ಎಂದು ತೋರಿಸುವುದು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮನಾದ ಜಾಗ. ಅದರಿಂದ ಕೆಳಗಿರುವುದೆಲ್ಲ ಒಂದೇ ಬೆರಳು, ನಮ್ಮ ನಡುಬೆರಳು. ಗೊರಸೆಂದರೆ ಆ ಬೆರಳಿನ ಉಗುರು. ಅಷ್ಟು ದೊಡ್ಡ ಪ್ರಾಣಿ ನಾಲ್ಕು ಉಗುರುಗಳ ಮೇಲೆ ನಿಂತಿದೆ! ಮೈಭಾರದಲ್ಲಿ ನೂರಕ್ಕೆ ಅರವತ್ತು ಪಾಲು ಮುಂದಿನ ಎರಡು ಕಾಲುಗಳ ಮೇಲೆಯೇ. ಮಣಿಕಟ್ಟಿನ ಕೆಳಗೆ ಮಾಂಸಖಂಡವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಮೂಳೆ, ಚರ್ಮ, ಹಿಂಭಾಗದಲ್ಲಿ ಹಗ್ಗದಂಥ ಸ್ನಾಯುರಜ್ಜು. ಆ ಹಗ್ಗದ ಎಳೆಗಳು ಕಿತ್ತರೆ ಕೂಡಿಕೊಳ್ಳುವುದಕ್ಕೆ ತಿಂಗಳುಗಳು ಬೇಕು. ಮನುಷ್ಯರಾದರೆ ಮಂಚದ ಮೇಲೆ ಮಲಗಬಹುದು. ಕುದುರೆ ಹಾಗೆ ದಿನಗಟ್ಟಲೆ ಮಲಗಲಾರದು. ನಿಂತೇ ವಾಸಿಯಾಗಬೇಕು.

ಮೋತಿಯ ಕಾಲು ಮಣಿಕಟ್ಟಿನ ಕೆಳಗೆ, ಹಿಂಭಾಗದಲ್ಲಿ, ಬಾಳೆಯ ಹೂವಿನಂತೆ ಊದಿಕೊಂಡಿತ್ತು. ಶಾಲೆ ಬಿಟ್ಟ ಮೇಲೆ ನಾವು ನೋಡಲು ಹೋದಾಗ ಜಟಕಾ ನಿಲ್ದಾಣದ ಬೇವಿನ ಮರದ ಕೆಳಗೆ ಸಂತೆಯೇ ನೆರೆದಿತ್ತು. ಲಾಳ ಕಟ್ಟುವವನು ತನ್ನ ವಿದ್ಯೆಗೆ ತಕ್ಕ ಹಾಗೆ, ಮೊಳೆ ಒಳಗೆ ಚುಚ್ಚಿದೆ ಎಂದ. ಲಾಳ ಬಿಚ್ಚಿದರು, ಗೊರಸನ್ನು ಇಕ್ಕಳದಿಂದ ಒತ್ತಿ ಒತ್ತಿ ನೋಡಿದರು, ಕೀವಿಲ್ಲ, ಏನೂ ಇಲ್ಲ. ಮೊಳೆಯ ಸುದ್ದಿಯಲ್ಲೇ ಎರಡು ದಿನ ಕಳೆಯಿತು. ಕುದುರೆ ಪೊಲೀಸಿನಲ್ಲಿದ್ದು ನಿವೃತ್ತರಾದ ಒಬ್ಬ ಸವಾರರು ಅಲ್ಲಿಗೆ ದಿನವೂ ಚಹಾ ಕುಡಿಯಲು ಬರುತ್ತಿದ್ದರು. ಅವರ ತಂದೆ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದು, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಕಾಳಗಕ್ಕೆ ಹೋಗಿ ಬಂದವರಂತೆ. ಹಾಗಾಗಿ ಅವರ ಮಾತಿಗೆ ತೂಕ ಹೆಚ್ಚು. ಅವರು ಹೇಳಿದ್ದು, "ಕೆರೆಗೆ ಹೊಡಕೊಂಡು ಹೋಗಿ, ಬೆಳಿಗ್ಗೆ ಸಾಯಂಕಾಲ ಮೊಣಕಾಲುದ್ದ ತಣ್ಣೀರಲ್ಲಿ ನಿಲ್ಲಿಸಿ." ಪಕ್ಕದ ಮನೆಯ ಅಜ್ಜಿಗೆ ಈ ಸುದ್ದಿ ತಲುಪಿದ್ದೇ, "ಊತಕ್ಕೆ ತಣ್ಣೀರೇ? ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಬೇಕು. ನನ್ನ ಮಂಡಿಗೆ ನಾನು ಮಾಡಿಕೊಳ್ಳೋಲ್ವೇ?" ಎಂದು ಉಪ್ಪಿನ ಗಂಟನ್ನೇ ಕಳಿಸಿದರು. ತಾತನ ಹಳೆಯ ಗೆಳೆಯ, ಇನ್ನೊಂದು ಜಟಕಾದವರು, ನಿಲ್ಲಿಸಿದರೆ ಕಾಲು ಬಿಗಿದುಕೊಳ್ಳುತ್ತದೆ, ದಿನಕ್ಕೆ ಒಂದು ಸುತ್ತು ನಡೆಸಲೇಬೇಕು ಎಂದರು. ಮತ್ತೊಬ್ಬರು ಗುಟ್ಟಿನಲ್ಲಿ, ಸುದ್ದಿ ಹಬ್ಬುವ ಮೊದಲೇ ಮಾರಿಬಿಡು ಎಂದರಂತೆ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗಾಯಿತು. ತಾತ ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಬೆಳಿಗ್ಗೆ ಕೆರೆ, ಮಧ್ಯಾಹ್ನ ಉಪ್ಪಿನ ಶಾಖ, ಸಂಜೆ ಒಂದು ಸುತ್ತು ನಡಿಗೆ. ನಮ್ಮ ತಂದೆ ಪ್ರೈಮರಿ ಶಾಲೆಯ ಮೇಷ್ಟರು. ಜಗಲಿಯ ಮೇಲೆ ಪತ್ರಿಕೆ ಹಿಡಿದು ಕೂತು, "ಎಲ್ಲಾ ಬಿಟ್ಟು ಒಂದು ತಿಂಗಳು ವಿಶ್ರಾಂತಿ ಕೊಡಿ ಸಾಬರೆ" ಎಂದರು. ತಾತ ಕೈ ಮುಗಿದು, "ಹಂಗೇ ಮಾಡ್ತೀನಿ ಮೇಷ್ಟ್ರೆ. ಯಾರ ಮಾತು ಬೇಡ ಅನ್ನಲಿ? ಎಲ್ಲಾ ನಮ್ಮೋರೇ" ಎಂದರು. ಒಂದು ತಿಂಗಳು ಕುದುರೆ ನಿಂತರೆ ತಾತನ ಮನೆಯ ಒಲೆ ಹೇಗೆ ಉರಿಯುತ್ತದೆಂದು ನಮ್ಮ ತಂದೆ ಕೇಳಲಿಲ್ಲ. ಅವರು ಕೆಟ್ಟವರೆಂದಲ್ಲ, ಪುಸ್ತಕದಲ್ಲಿ ಅದು ಬರೆದಿರಲಿಲ್ಲ, ಅಷ್ಟೆ.

ಇತಿಹಾಸ ಓದುತ್ತ ಹೋದ ಮೇಲೆ ನನಗೆ ತಿಳಿದದ್ದು, ಬೇವಿನ ಮರದ ಕೆಳಗಿನ ಆ ಸಂತೆ ಎರಡು ಸಾವಿರ ವರ್ಷಕ್ಕೂ ಹಳೆಯದು ಎಂಬುದು. ಗ್ರೀಸಿನ ಕ್ಸೆನೊಫನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಕುದುರೆಯ ಬಗ್ಗೆ ಪುಸ್ತಕ ಬರೆದ. ಬರೆದದ್ದು ತನ್ನ ಕಿರಿಯ ಗೆಳೆಯರಿಗೆ ಬುದ್ಧಿ ಹೇಳಲೆಂದೇ. ಅವನಿಗಿಂತ ಮುಂಚೆ ಸೈಮನ್ ಎಂಬವನೊಬ್ಬ ಬರೆದಿದ್ದ. ಅವನ ಮಾತು ತನ್ನ ಮಾತಿಗೆ ಹೊಂದಿದ ಕಡೆ ಅದನ್ನು ಅಳಿಸುವುದಿಲ್ಲ, ಬಲ್ಲವನೊಬ್ಬ ಹಾಗೆಯೇ ಹೇಳಿದ್ದಾನೆಂದರೆ ಗೆಳೆಯರಿಗೆ ನಂಬಿಕೆ ಹೆಚ್ಚೀತು ಎಂದು ಕ್ಸೆನೊಫನ್ ಮೊದಲಿಗೇ ಒಪ್ಪಿಕೊಳ್ಳುತ್ತಾನೆ. ದೊಡ್ಡ ಮನಸ್ಸು! ಕುದುರೆಯನ್ನು ಪರೀಕ್ಷಿಸುವವರು ಮೊದಲು ಪಾದ ನೋಡಬೇಕು, ಅಡಿಪಾಯ ಸರಿಯಿಲ್ಲದ ಮನೆಯಿಂದ ಏನು ಪ್ರಯೋಜನ ಎಂಬುದು ಅವನ ವಾದ.

ಅವನಿಗಿಂತ ನನಗೆ ಪ್ರಿಯನಾದವನು ಅಪ್ಸಿರ್ಟಸ್. ಕ್ರಿಸ್ತಶಕ ನಾಲ್ಕನೆಯ ಶತಮಾನದವನು, ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಸೈನ್ಯದೊಂದಿಗೆ ಡ್ಯಾನ್ಯೂಬ್ ನದಿಯ ಕಡೆ ಇದ್ದ ಕುದುರೆ ವೈದ್ಯ. ಅವನು ಬರೆದದ್ದು ಪತ್ರಗಳನ್ನು. ಸೈನಿಕ ಅಧಿಕಾರಿಗಳು, ಗೆಳೆಯರು, ಬೇರೆ ವೈದ್ಯರು ನಮ್ಮ ಕುದುರೆಗೆ ಹೀಗಾಗಿದೆ, ಏನು ಮಾಡಲಿ ಎಂದು ಕೇಳಿದರೆ ಒಬ್ಬೊಬ್ಬರ ಹೆಸರು ಹಿಡಿದು ಉತ್ತರ ಬರೆಯುತ್ತಿದ್ದ. ಮುಂದೆ ಈ ಪತ್ರಗಳನ್ನೂ ಇತರರು ಬರೆದದ್ದನ್ನೂ ಬಿಡಿಸಿ, ಒಂದೊಂದು ರೋಗದ ಕೆಳಗೆ ಯಾರ್‍ಯಾರು ಏನೇನು ಹೇಳಿದ್ದಾರೆಂದು ಸಾಲಾಗಿ ಜೋಡಿಸಿದ ದೊಡ್ಡ ಸಂಗ್ರಹವೊಂದು ಗ್ರೀಕ್ ಭಾಷೆಯಲ್ಲಿ ಸಿದ್ಧವಾಯಿತು. ಯಾರ ಮದ್ದು ಸರಿಯೆಂಬುದನ್ನು ಓದುವವರೇ ಹುಡುಕಿಕೊಳ್ಳಬೇಕು. ಅದರಲ್ಲಿ ಹಿಯೆರೋಕ್ಲಿಸ್ ಎಂಬವನ ಮಾತುಗಳೂ ಇವೆ. ಅವನು ವೈದ್ಯನಲ್ಲ, ವಕೀಲ! ನಮ್ಮ ತಂದೆ ಒಬ್ಬರೇ ಅಲ್ಲವೆಂದು ಓದಿ ನನಗೆ ಸಮಾಧಾನವಾಯಿತು.

ನಮ್ಮಲ್ಲೇನು ಕಡಿಮೆ? ಜಟಕಾದವರು ಕುದುರೆ ವೈದ್ಯರನ್ನು ಸಾಲೋತ್ರಿ ಎನ್ನುತ್ತಿದ್ದರು. ಅದು ಉರ್ದುವಿನ ಮಾತೆಂದು ನಾನು ಬಹುಕಾಲ ನಂಬಿದ್ದೆ. ಬೇರು ಹುಡುಕಿದರೆ ಶಾಲಿಹೋತ್ರ, ನಮ್ಮ ಅಶ್ವಶಾಸ್ತ್ರಕ್ಕೆ ಮೂಲಪುರುಷನೆನ್ನಿಸಿದ ಋಷಿ! ಋಷಿಯ ಹೆಸರು ಲಷ್ಕರ್ ಮೊಹಲ್ಲಾದ ಸಾಬರ ಬಾಯಲ್ಲಿ ಸಾಲೋತ್ರಿಯಾಗಿ ಉಳಿದಿತ್ತು. ವಿರಾಟನ ಅರಮನೆಯಲ್ಲಿ ನಕುಲ ಗ್ರಂಥಿಕನೆಂಬ ಹೆಸರಿನಿಂದ ಕುದುರೆ ಲಾಯ ನೋಡಿಕೊಂಡದ್ದು ನಿಮಗೆಲ್ಲ ಗೊತ್ತು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಹೊತ್ತಿಗೇ ಚಾಲುಕ್ಯ ಮನೆತನದ ಕೀರ್ತಿವರ್ಮ ಗೋವೈದ್ಯ ಬರೆದ. ಅನಂತರ ಅಭಿನವಚಂದ್ರ ಅಶ್ವವೈದ್ಯ ಬರೆದ. ಇಷ್ಟೆಲ್ಲ ಇದ್ದೂ ಶಾಸ್ತ್ರ ಒಂದು ಕಡೆ, ಲಾಯದವನ ಅನುಭವ ಇನ್ನೊಂದು ಕಡೆ, ಲಾಳದವನ ಸುತ್ತಿಗೆ ಮತ್ತೊಂದು ಕಡೆ ಆಗಿಯೇ ಉಳಿಯಿತು. ಯುರೋಪಿನಲ್ಲೂ ಅದೇ ಕಥೆ. ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಕುದುರೆ ಸವಾರಿ ಕಲಿಸುತ್ತಿದ್ದ ಕ್ಲೋಡ್ ಬೂರ್ಜೆಲಾ 1761ರಲ್ಲಿ ಅರಸನ ಅಪ್ಪಣೆ ಪಡೆದು ಮರುವರ್ಷ ಜಗತ್ತಿನ ಮೊದಲ ಪಶುವೈದ್ಯ ಶಾಲೆ ತೆರೆಯುವ ತನಕ ಕುದುರೆಗೆ ಲಾಳದವನೇ ದೊಡ್ಡ ಡಾಕ್ಟರು. ಲಂಡನ್ನಿಗೆ ಅಂಥ ಕಾಲೇಜು ಬಂದದ್ದು 1791ರಲ್ಲಿ. ನಮ್ಮ ದೇಶದಲ್ಲಿ 1882ರಲ್ಲಿ ಲಾಹೋರ್, 1886ರಲ್ಲಿ ಮುಂಬಯಿ, 1903ರಲ್ಲಿ ಮದರಾಸು, ಬೆಂಗಳೂರಿನ ಹೆಬ್ಬಾಳಕ್ಕೆ 1958ರಲ್ಲಿ. ಲಿಯೋನಿನಲ್ಲಿ ಓದಿದ ವಿಲಿಯಂ ಮೂರ್‌ಕ್ರಾಫ್ಟ್ ಎಂಬ ಇಂಗ್ಲಿಷಿನವನು ಮಾತ್ರ 1808ರಷ್ಟು ಹಿಂದೆಯೇ ಕಂಪನಿ ಸರ್ಕಾರದ ಕುದುರೆ ಸಾಕಣೆಗಾಗಿ ಬಿಹಾರದ ಪೂಸಾಕ್ಕೆ ಬಂದಿದ್ದ. ಒಳ್ಳೆಯ ಕುದುರೆ ಹುಡುಕಿಕೊಂಡು ಬುಖಾರದವರೆಗೆ ಹೋಗಿ, ಹಿಂದಿರುಗುವ ದಾರಿಯಲ್ಲಿ 1825ರಲ್ಲಿ ತೀರಿಕೊಂಡ. ಅವನ ಕಥೆ ಬೇರೆಯೇ ಒಂದು ಪ್ರಬಂಧ.

ಮೋತಿಯ ವಿಷಯಕ್ಕೆ ಬರುತ್ತೇನೆ. ಒಂಬತ್ತನೆಯ ದಿನ ತಂದೆಯ ಪರಿಚಯದ ಪಶುವೈದ್ಯರೊಬ್ಬರು ಬಂದರು. ಕಾಲು ಮುಟ್ಟುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ: "ಏನಾಯ್ತು? ಮೊದಲಿಂದ ಹೇಳಿ." ಆಶ್ಚರ್ಯವೆಂದರೆ ಅಷ್ಟು ಜನ ಬುದ್ಧಿ ಹೇಳಿದವರಲ್ಲಿ ಯಾರೂ ಇದನ್ನು ಬಿಡಿಸಿ ಕೇಳಿರಲಿಲ್ಲ. ಲಾಳದವನಿಗೆ ಮೊಳೆ ಕಂಡಿತ್ತು, ಅಜ್ಜಿಗೆ ತಮ್ಮ ಮಂಡಿ ಕಂಡಿತ್ತು. ತಾತ ಒಂದು ಗಳಿಗೆ ಸುಮ್ಮನಿದ್ದು ಮರದ ಕೆಳಗೆ ಸಾಲಾಗಿ ನಿಂತಿದ್ದ ನಮ್ಮ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. "ಎಲ್ಲೋ ಎಡವಿರಬೇಕು ಸ್ವಾಮಿ" ಎಂದರು ತಾತ.

ಓಡಿಸಿ ಎಂದು ಕಿರುಚಿದ್ದು, ಗುಂಡಿ, ಓಲಾಡಿದ ಗಾಡಿ ಇವೆಲ್ಲ ಗೊತ್ತಿದ್ದದ್ದು ಅವರಿಗೆ ಮತ್ತು ನಮಗೆ ಏಳು ಜನರಿಗೆ. ಹೇಳಿದರೆ ನಮ್ಮ ಬೆನ್ನಿಗೆ ಬೀಳುತ್ತದೆಂದು ಅವರು ಹೇಳಲಿಲ್ಲ. ಜಟಕಾ ಬಿಡಿಸಿಬಿಡುತ್ತಾರೆಂಬ ಭಯಕ್ಕೆ ನಾನು ಹೇಳಲಿಲ್ಲ. ಮೊದಲ ದಿನವೇ ನಾನು ಬಾಯಿ ಬಿಟ್ಟಿದ್ದರೆ ಮೊಳೆಯ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಓಟದಲ್ಲಿ ಕಾಲು ಹೂತು ಕಿತ್ತುಬಂದಿದೆಯೆಂದರೆ ನರ ಎಳೆದಿದೆ ಎಂದು ಆ ಸವಾರರಂಥವರು ಖಂಡಿತ ಹೇಳುತ್ತಿದ್ದರು. ವೈದ್ಯರು ಕಾಲನ್ನು ಮಡಿಸಿ, ಹಿಂಭಾಗವನ್ನು ಹೆಬ್ಬೆರಳಿನಿಂದ ಸವರುತ್ತ ಹೋದರು. ಒಂದು ಕಡೆ ಮೋತಿ ನಡುಗಿ ಕಾಲು ಕಿತ್ತುಕೊಂಡಿತು. "ನರ ಅರ್ಧ ಹರಿದಿದೆ. ಮೊದಲ ಎರಡು ಮೂರು ದಿನ ತಣ್ಣೀರು ಸರಿ. ಆಗ ಶಾಖ ಕೊಡಬಾರದಿತ್ತು. ಇನ್ನು ಆರು ತಿಂಗಳು ಗಾಡಿ ಕಟ್ಟಬೇಡಿ" ಎಂದರು. ಆರು ತಿಂಗಳು! ಆ ಮಾತು ಕೇಳಿ ಅಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಅದಾದ ನಾಲ್ಕನೆಯ ದಿನ ನಿಲ್ದಾಣದ ಕಡೆಯಿಂದ ಕೂದಲು ಸುಟ್ಟ ವಾಸನೆ ಬಂತು. ಕಾಯಿಸಿದ ಕಬ್ಬಿಣದಿಂದ ಮೋತಿಯ ಕಾಲಿಗೆ ಬರೆ ಹಾಕಿದ್ದರು, ಏಣಿಯ ಮೆಟ್ಟಿಲಿನಂತೆ ಐದು ಗೆರೆ. ನಾನು ಮನೆಯ ಹಿಂದಕ್ಕೆ ಓಡಿಹೋಗಿ ಅತ್ತೆ. ನಮ್ಮ ತಂದೆ ತಾತನ ಮೇಲೆ ಕೂಗಾಡಿದರು. ಓದಿದ ವೈದ್ಯರ ಮಾತು ಬಿಟ್ಟು ಇದೇನು ಕಟುಕತನ ಎಂದರು.

ಆದರೆ ಬರೆಯೆಂಬುದು ನಮ್ಮ ಬೀದಿಯ ಅಜ್ಞಾನವಾಗಿರಲಿಲ್ಲ. ಶತಮಾನಗಳಿಂದ ಇಂಗ್ಲೆಂಡಿನ ಶ್ರೀಮಂತರ ರೇಸ್ ಕುದುರೆಗಳಿಗೂ ಕಾಲಿನ ನರ ಹರಿದರೆ ಪದವೀಧರ ವೈದ್ಯರೇ ಹೀಗೆ ಬರೆ ಹಾಕುತ್ತಿದ್ದರು. ಅದರಿಂದ ನರ ಗಟ್ಟಿಯಾಗುತ್ತದೆಂಬ ನಂಬಿಕೆ. ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದವರು ಬರೆ ಹಾಕಿದ ಕಾಲುಗಳನ್ನೂ ಹಾಕದ ಕಾಲುಗಳನ್ನೂ ಹೋಲಿಸಿ, ಇದರಿಂದ ನರಕ್ಕೆ ಏನೂ ಗುಣವಿಲ್ಲ ಎಂದು ಪ್ರಕಟಿಸಿದ್ದು 1983ರಲ್ಲಿ, ಮೋತಿಗೆ ಬರೆ ಬಿದ್ದ ಎರಡು ವರ್ಷದ ಮೇಲೆ. ಅಲ್ಲಿನ ಪಶುವೈದ್ಯರ ರಾಯಲ್ ಕಾಲೇಜು ಇದನ್ನು ಸಮರ್ಥಿಸಲಾಗದೆಂದು ಹೇಳಿದ್ದು 1991ರಲ್ಲಿ. ಅಷ್ಟಾದರೂ ಬರೆ ಹಾಕಿದ ಕುದುರೆಗಳು ವಾಸಿಯಾಗಿ ಓಡಿದ್ದು ಸುಳ್ಳಲ್ಲವಲ್ಲ, ಅದು ಹೇಗೆ? ಬರೆ ಹಾಕಿದ ಮೇಲೆ ತಿಂಗಳುಗಟ್ಟಲೆ ಲಾಯದಲ್ಲಿ ನಿಲ್ಲಿಸಲೇಬೇಕಿತ್ತು. ವಾಸಿ ಮಾಡಿದ್ದು ಆ ಬಿಡುವು.

ಇದನ್ನು ಓದಿದ ದಿನ ನನಗೆ ತಾತ ಮಾಡಿದ್ದು ಅರ್ಥವಾಯಿತು. ಆರು ತಿಂಗಳು ಸುಮ್ಮನೆ ನಿಲ್ಲಿಸಿದರೆ ಸಾಲ ಕೊಟ್ಟವನು ಬಿಡುತ್ತಾನೆಯೆ? ಹುರುಳಿ ಅಂಗಡಿಯವನು ಬಿಡುತ್ತಾನೆಯೆ? ಕುದುರೆ ಚೆನ್ನಾಗಿಯೇ ನಿಂತಿದೆಯಲ್ಲ, ಕಟ್ಟು ಗಾಡಿ ಎನ್ನುತ್ತಾರೆ. ಬರೆ ಬಿದ್ದ ಕಾಲನ್ನು ಕಂಡರೆ ಯಾರೂ ಹಾಗೆನ್ನುವುದಿಲ್ಲ. ನಿಲ್ದಾಣದ ರಿವಾಜು ಅದು. ಆ ಐದು ಗೆರೆ ಬಿದ್ದ ದಿನದಿಂದ ಉಪ್ಪು, ಕೆರೆ, ನಡಿಗೆ ಎಲ್ಲ ಬಾಯಿಗಳೂ ಮುಚ್ಚಿದವು. ಮೋತಿಯ ಚರ್ಮ ಸುಟ್ಟು ತಾತ ಆ ಬಿಡುವನ್ನು ಕೊಂಡುಕೊಂಡಿದ್ದರು. ಸರಿಯೆಂದು ನಾನು ಹೇಳಲಾರೆ. ಆ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

ಬಿಡುವಿಗೆ ದುಡ್ಡು ಬೇಕು ಎಂಬುದು ನಮ್ಮ ಅಮ್ಮನಿಗೆ ತಂದೆಗಿಂತ ಬೇಗ ಹೊಳೆದಿತ್ತು. ಶ್ರಾವಣ ಶುಕ್ರವಾರದ ಅರಿಶಿನ ಕುಂಕುಮದ ನೆಪದಲ್ಲಿ ಜಟಕಾ ಮಕ್ಕಳ ತಾಯಂದಿರ ಮನೆಗೆಲ್ಲ ಹೋಗಿ ಬಂದಳು. "ಮಕ್ಕಳು ನಡಕೊಂಡು ಹೋಗಲಿ, ಕಾಲೇನೂ ಸವೆಯೋಲ್ಲ. ತಿಂಗಳ ದುಡ್ಡು ಮಾತ್ರ ನಿಲ್ಲಿಸೋದು ಬೇಡ" ಎಂದಳಂತೆ. ಏಳರಲ್ಲಿ ಐದು ಮನೆಯವರು ಒಪ್ಪಿದರು. ಒಬ್ಬರು ದುಡ್ಡಿನ ಬದಲು ತಿಂಗಳಿಗಿಷ್ಟು ಹುರುಳಿ ಕೊಡುತ್ತೇನೆಂದರು. ಏಳನೆಯವರು ಆಗಲೇ ಆಟೋ ಗೊತ್ತು ಮಾಡಿಕೊಂಡಿದ್ದರು. ಅರವತ್ತು ರೂಪಾಯಿಯಲ್ಲಿ ಸಂಸಾರ, ಕುದುರೆ ಎರಡೂ ನಡೆಯುವುದಿಲ್ಲ. ತಾತನ ಸೊಸೆ ರಾತ್ರಿ ದೀಪದಲ್ಲೂ ಬೀಡಿ ಕಟ್ಟಿದಳು. ನಿಲ್ದಾಣದವರು ಸರದಿಯ ಮೇಲೆ ದಿನಕ್ಕೊಂದು ಬಾಡಿಗೆಯ ದುಡ್ಡು ಎತ್ತಿಟ್ಟರು. ಮಾರಿಬಿಡು ಎಂದಿದ್ದವರೂ ಕೊಟ್ಟರು.

ದುಡ್ಡೊಂದಿದ್ದರೆ ಎಲ್ಲ ಆಗುತ್ತಿತ್ತೆಂದೂ ಅಲ್ಲ. ಬಾರ್ಬಾರೊ ಎಂಬ ಕುದುರೆಯ ಸುದ್ದಿ ಓದಿದಾಗ ನನಗೆ ಹಾಗನ್ನಿಸಿತು. ಅದು 2006ರಲ್ಲಿ ಅಮೆರಿಕದ ಅತಿ ದೊಡ್ಡ ಜೂಜು ಕೆಂಟಕಿ ಡರ್ಬಿಯನ್ನು ಗೆದ್ದು, ಎರಡು ವಾರದ ಮೇಲೆ, ಮೇ 20ರಂದು, ಇನ್ನೊಂದು ಓಟದಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಉಕ್ಕಿನ ಪಟ್ಟಿಯಿಟ್ಟು 27 ತಿರುಪು ಬಿಗಿದರು. ದೇಶದ ಮೂಲೆ ಮೂಲೆಯಿಂದ ಕಾಗದ, ಹೂವು, ಸೇಬು, ಗಜ್ಜರಿ ಬಂದವು. ಮುರಿದ ಕಾಲು ಬಹುಮಟ್ಟಿಗೆ ಕೂಡಿಕೊಂಡೂ ಬಂತು. ಆದರೆ ಅಷ್ಟು ದಿನ ಅದರ ಪಾಲಿನ ಭಾರವನ್ನೂ ಹೊತ್ತ ಎಡಗಾಲಿನ ಗೊರಸು ಒಳಗೇ ಕೆಟ್ಟು ಕಳಚತೊಡಗಿತು. ಕೊನೆಗೆ 2007ರ ಜನವರಿ 29ರಂದು ಚುಚ್ಚುಮದ್ದು ಕೊಟ್ಟು ಅದರ ನೋವು ಮುಗಿಸಬೇಕಾಯಿತು. ನಮ್ಮ ಸವಾರರು ದಿನವೂ ಬಂದು ಮೋತಿಯ ಊತವಿದ್ದ ಕಾಲನ್ನು ಬಿಟ್ಟು ಊತವಿಲ್ಲದ ಬಲಗಾಲಿಗೆ ಪಟ್ಟಿ ಸುತ್ತಿ, ಅದರ ಗೊರಸನ್ನು ಕೈಯಿಂದ ಮುಟ್ಟಿ ಬಿಸಿಯಿದೆಯೇ ಎಂದು ನೋಡುತ್ತಿದ್ದದ್ದು ಆಗ ನಮಗೆ ಹುಚ್ಚಾಟವೆನ್ನಿಸಿತ್ತು. ಇದನ್ನು ಓದಿದ ಮೇಲೆ ತಿಳಿಯಿತು.

ಮಹಾಭಾರತದ ದ್ರೋಣಪರ್ವದಲ್ಲಿ ಒಂದು ಸಂದರ್ಭವಿದೆ. ಸಂಜೆಯೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಬೆಂಕಿಗೆ ಬೀಳುವುದಾಗಿ ಅರ್ಜುನ ಪ್ರತಿಜ್ಞೆ ಮಾಡಿದ್ದಾನೆ. ಒಂದೊಂದು ಗಳಿಗೆಯೂ ಪ್ರಾಣದಷ್ಟು ಬೆಲೆಯದು. ಅಷ್ಟು ಹೊತ್ತಿನಲ್ಲಿ ಕುದುರೆಗಳು ಬಾಣ ನಾಟಿ ಸೊರಗಿದ್ದನ್ನು ಕಂಡು ರಥ ನಿಲ್ಲಿಸುತ್ತಾರೆ. ಅರ್ಜುನ ನೆಲಕ್ಕಿಳಿದು ಶತ್ರುಗಳನ್ನು ತಡೆಯುತ್ತಾನೆ, ಬಾಣ ಹೊಡೆದು ನೀರು ಬರಿಸುತ್ತಾನೆ. ಕೃಷ್ಣ ಕುದುರೆಗಳನ್ನು ಬಿಚ್ಚಿ, ಬಾಣಗಳನ್ನು ಒಂದೊಂದಾಗಿ ಕಿತ್ತು, ಮೈ ತಿಕ್ಕಿ, ನೀರು ಕುಡಿಸಿ, ದಣಿವಾರಿದ ಮೇಲೆ ಮತ್ತೆ ಕಟ್ಟುತ್ತಾನೆ. ಈ ಕಥೆಯನ್ನು ಅಮ್ಮ ನಮಗೆ ಹೇಳಿದ್ದು ಆ ಶ್ರಾವಣದಲ್ಲೇ, ಶಾಲೆಗೆ ನಡೆದು ಕಾಲು ನೋಯುತ್ತದೆಂದು ನಾನು ಗೊಣಗಿದ ರಾತ್ರಿ.

ವೈದ್ಯರು ಹೇಳಿದ ಆರು ತಿಂಗಳನ್ನು ತಾತ ತುಂಬಿಸಲಿಲ್ಲ. ದಸರೆಗೆ ಊರೆಲ್ಲ ಪ್ರವಾಸಿಗರು. ಹತ್ತು ದಿನದಲ್ಲಿ ಮೂರು ತಿಂಗಳ ಸಂಪಾದನೆ. ತಡೆಯಲಾರದೆ ಗಾಡಿ ಕಟ್ಟಿದರು. ಆದರೆ ಇಬ್ಬರಿಗಿಂತ ಹೆಚ್ಚು ಜನರನ್ನು ಹತ್ತಿಸಲಿಲ್ಲ, ಓಡಿಸಲಿಲ್ಲ. ದಸರೆ ಮುಗಿದದ್ದೇ ಮತ್ತೆ ಬಿಚ್ಚಿದರು. ನಾವು ಮಕ್ಕಳು ಪುನಃ ಅದರಲ್ಲಿ ಕೂತದ್ದು ಸಂಕ್ರಾಂತಿಯ ಮೇಲೆ. ಮೋತಿಯ ಕಾಲಿನ ಆ ಭಾಗ ದಪ್ಪಗೆ ಉಳಿಯಿತು. ಬರೆಯ ಮೇಲೆ ಕೂದಲು ಬೆಳ್ಳಗೆ ಬೆಳೆಯಿತು. ಆಮೇಲೂ ಐದು ವರ್ಷ ಅದು ಗಾಡಿ ಎಳೆಯಿತು. ಯಾರು ಎಷ್ಟು ಅಣಕಿಸಿದರೂ ನಾವು ಯಾರೂ ಓಡ್ಸಿ ಎನ್ನಲಿಲ್ಲ.

ಬಿ.ಎಡ್. ಮುಗಿಸಿ 1994ರಲ್ಲಿ ನನಗೆ ಕೆಲಸದ ಆದೇಶ ಬಂದಾಗ, ಪೆಟ್ಟಿಗೆ ಹಾಸಿಗೆ ಹೊತ್ತು ರೈಲ್ವೆ ನಿಲ್ದಾಣಕ್ಕೆ ಹೋಗಬೇಕಾಗಿತ್ತು. ಆಟೋ ಕರೆಯಲು ಹೊರಟವಳು ಬೇವಿನ ಮರದ ಕೆಳಗೆ ತಾತನನ್ನು ಕಂಡು ಅಲ್ಲೇ ನಿಂತೆ. ಬೇರೆ ಕುದುರೆ, ಬೂದು ಬಣ್ಣದ್ದು. ತಾತನ ಬೆನ್ನು ಬಾಗಿತ್ತು. ದಾರಿಯಲ್ಲಿ, ಹದಿಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಟ್ಟೆ. ಆವತ್ತು ಡಾಕ್ಟರು ಕೇಳಿದಾಗ ನಾನೇ ಹೇಳಬೇಕಿತ್ತು, ಓಡಿಸಿ ಎಂದು ನಿಮ್ಮನ್ನು ನೂಕಿದವಳು ನಾನು ಎಂದೆ.

ತಾತ ಹಿಂದಿರುಗಿ ನೋಡಲಿಲ್ಲ. "ಲಗಾಮು ಯಾರ ಕೈಲಿತ್ತಮ್ಮಾ?" ಎಂದರು. ಸ್ವಲ್ಪ ದೂರ ಹೋದ ಮೇಲೆ ನಿಲ್ದಾಣದ ಏರು ಬಂತು. ನಾನು ಕಣ್ಣೊರೆಸಿಕೊಳ್ಳುತ್ತ ಪೆಟ್ಟಿಗೆಗೆ ಒರಗಿದ್ದೆ.

"ಮುಂದಕ್ಕೆ ಬನ್ನಿ ಟೀಚರಮ್ಮಾ" ಎಂದರು ತಾತ. "ಹಿಂಭಾರ ಆಗ್ತದೆ."